ಜಾನಿ ಬ್ರೈಟ್: ಆ ಆರು ಚಿತ್ರಗಳ ಆಚೆಗೆ

ಕಪ್ಪು ಬಿಳುಪಿನ ಆರು ಚಿತ್ರಗಳ ಒಂದು ಸರಣಿ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಚೆಂಡು ಆಗಲೇ ಬೇರೊಬ್ಬ ಆಟಗಾರನ ಕೈ ಸೇರಿದೆ, ಆಟವೂ ಅವನ ಬೆನ್ನು ಹಿಡಿದು ಸಾಗಿದೆ. ಹಿಂದುಗಡೆ ಬರಿಗೈಯಲ್ಲಿ ನಿಂತು ಅದನ್ನು ನೋಡುತ್ತಿರುವ ಕಪ್ಪು ಜನಾಂಗದ ಯುವಕನೊಬ್ಬನ ಕಡೆಗೆ ಎದುರಾಳಿ ತಂಡದ ಆಟಗಾರ ಚೆಂಡಿನ ಗೊಡವೆಯೇ ಇಲ್ಲದೆ ನೇರವಾಗಿ ನುಗ್ಗಿ ಬರುತ್ತಾನೆ, ಅವನ ಮೊಣಕೈ ಯುವಕನ ಮುಖಕ್ಕೆ ಅಪ್ಪಳಿಸುತ್ತದೆ. ಯುವಕ ತೊಟ್ಟಿದ್ದ ಹೆಲ್ಮೆಟ್ಟಿಗೆ ಮುಖ ಕಾಯುವ ಕಂಬಿ ಇರಲಿಲ್ಲ. ದವಡೆ ಮುರಿಯಿತು.

ಆ ಯುವಕ ಜಾನಿ ಬ್ರೈಟ್. ಆಟ ಅಮೆರಿಕದ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಅದು. ದಿನ 1951ರ ಅಕ್ಟೋಬರ್ 20, ಸ್ಥಳ ಅಮೆರಿಕದ ಓಕ್ಲಹೋಮ ರಾಜ್ಯದ ಸ್ಟಿಲ್‌ವಾಟರ್. ಚಿತ್ರಗಳನ್ನು ತೆಗೆದವರು ಡೆ ಮೊಯಿನ್ ರಿಜಿಸ್ಟರ್ ಪತ್ರಿಕೆಯ ಡಾನ್ ಅಲ್ಟಾಂಗ್ ಮತ್ತು ಜಾನ್ ರಾಬಿನ್ಸನ್. ಅವರಿಗೆ 1952ರ ಪುಲಿಟ್ಜರ್ ಪ್ರಶಸ್ತಿ ಬಂದದ್ದು ಇವೇ ಚಿತ್ರಗಳಿಗೆ. ಬ್ರೈಟ್ ಅವರ ಹೆಸರು ಕೇಳಿದ ಬಹುತೇಕರಿಗೆ ತಿಳಿದಿರುವುದು ಇಷ್ಟೇ. ಪೆಟ್ಟು ತಿಂದ ಆ ಒಂದು ಗಳಿಗೆಯಲ್ಲೇ ಒಬ್ಬ ಮನುಷ್ಯನನ್ನು ನಿಲ್ಲಿಸಿಬಿಡುವುದು ಅನ್ಯಾಯ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಆ ಮೇಲೆ ಅವರು ಕೆನಡಾದಲ್ಲಿ ಹದಿಮೂರು ಋತುಗಳ ಕಾಲ ಓಡಿದರು.

ಬ್ರೈಟ್ ಹುಟ್ಟಿದ್ದು 1930ರಲ್ಲಿ, ಇಂಡಿಯಾನ ರಾಜ್ಯದ ಫೋರ್ಟ್ ವೇನ್ ನಗರದಲ್ಲಿ. ಅಯೋವದ ಡೆ ಮೊಯಿನ್ ನಗರದ ಡ್ರೇಕ್ ವಿಶ್ವವಿದ್ಯಾಲಯಕ್ಕೆ ಅವರು ಸೇರಿದ್ದು ಅಥ್ಲೆಟಿಕ್ಸ್ ವಿದ್ಯಾರ್ಥಿವೇತನದ ಮೇಲೆ. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಡಲು ಅದರಲ್ಲಿ ಅವಕಾಶವಿತ್ತು. 1949ರಲ್ಲೇ ಅವರು ಇದೇ ಸ್ಟಿಲ್‌ವಾಟರ್ ಮೈದಾನದಲ್ಲಿ ಆಡಿದ್ದರು, ಅಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಎನಿಸಿದ್ದರು, ಅಂದು ಏನೂ ಅಹಿತಕರವಾದದ್ದು ನಡೆದಿರಲಿಲ್ಲ. ಎರಡು ವರ್ಷಗಳ ನಂತರದ ಸ್ಥಿತಿಯೇ ಬೇರೆ. ಬ್ರೈಟ್ ಮೇಲೆ ಆತಿಥೇಯ ಕಾಲೇಜಾದ ಓಕ್ಲಹೋಮ ಎ ಆ್ಯಂಡ್ ಎಂ ತಂಡದ ಕಣ್ಣಿದೆ ಎಂಬ ಮಾತು ಪಂದ್ಯಕ್ಕೆ ಮೊದಲೇ ಹರಡಿದ್ದರಿಂದಲೇ ಛಾಯಾಗ್ರಾಹಕರು ತಮ್ಮ ಕ್ಯಾಮೆರಾವನ್ನು ಅವರತ್ತ ನೆಟ್ಟಿದ್ದರು. ಭಾನುವಾರದ ಸಂಚಿಕೆಗೆ ಚಿತ್ರ ತಲುಪಿಸಬೇಕಾದ್ದರಿಂದ ಅವರು ಪಂದ್ಯ ಮುಗಿಯುವವರೆಗೂ ಅಲ್ಲಿರುವಂತಿರಲಿಲ್ಲ. ಆದರೆ ಅಷ್ಟು ಕಾಯುವ ಅಗತ್ಯವೇ ಬೀಳಲಿಲ್ಲ. ವಿಲ್‌ಬ್ಯಾಂಕ್ಸ್ ಸ್ಮಿತ್ ಎಂಬ ಆಟಗಾರನ ಹೊಡೆತಕ್ಕೆ ಬ್ರೈಟ್ ಮೊದಲ ಏಳು ನಿಮಿಷಗಳಲ್ಲೇ ಮೂರು ಬಾರಿ ಪ್ರಜ್ಞೆ ತಪ್ಪಿ ಬಿದ್ದರು. ಮುರಿದ ದವಡೆಯಲ್ಲೇ ಎದ್ದು, ಎದುರಾಳಿಯ ಗೆರೆ ದಾಟಿಸಿ ಅಂಕ ತರುವ 61 ಗಜದ ಟಚ್‌ಡೌನ್ ಪಾಸ್ ಎಸೆದರು ಎಂಬುದನ್ನು ಓದಿದಾಗಲೆಲ್ಲ ನನ್ನ ಕೈ ತಾನಾಗಿ ನನ್ನ ದವಡೆಯ ಮೇಲೆ ಹೋಗುತ್ತದೆ.

ಹೊಡೆದವನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಪ್ರತಿಭಟಿಸಿ ಡ್ರೇಕ್ ವಿಶ್ವವಿದ್ಯಾಲಯ ಎರಡೂ ಕಾಲೇಜುಗಳು ಸೇರಿದ್ದ ಮಿಸೌರಿ ವ್ಯಾಲಿ ಕ್ರೀಡಾ ಒಕ್ಕೂಟವನ್ನೇ ತೊರೆಯಿತು, ಬ್ರಾಡ್ಲಿ ವಿಶ್ವವಿದ್ಯಾಲಯವೂ ಅದರ ಜೊತೆ ಹೊರಬಂದಿತು. ಕಾಲೇಜು ಫುಟ್‌ಬಾಲಿನಲ್ಲಿ ಹೆಲ್ಮೆಟ್ಟಿನ ಮುಖರಕ್ಷೆ ಮತ್ತು ಕಾನೂನುಬಾಹಿರ ಹೊಡೆತಗಳ ಬಗ್ಗೆ ನಿಯಮಗಳು ಬಿಗಿಯಾದದ್ದು ಈ ಘಟನೆಯ ನಂತರವೇ.

1952ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಫಿಲಡೆಲ್ಫಿಯ ಈಗಲ್ಸ್ ತಂಡ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲೇ ಬ್ರೈಟ್ ಅವರನ್ನು ಆರಿಸಿಕೊಂಡಿತು. ಹೋಗಿದ್ದರೆ ಅವರು ಆ ತಂಡದ ಮೊದಲ ಕಪ್ಪು ಆಟಗಾರರಾಗುತ್ತಿದ್ದರು. ಆಗ ಆ ಲೀಗಿಗೆ ದಕ್ಷಿಣದ ರಾಜ್ಯಗಳಿಂದ ಹೆಚ್ಚು ಆಟಗಾರರು ಬರುತ್ತಿದ್ದರು, ಅವರು ತಮ್ಮನ್ನು ಹೇಗೆ ನಡೆಸಿಕೊಳ್ಳುವರೋ ಎಂಬ ಖಾತ್ರಿ ತಮಗಿರಲಿಲ್ಲ ಎಂದು ಬ್ರೈಟ್ ಮುಂದೆ ಹೇಳಿದ್ದಾರೆ. ಅವರು ಗಡಿ ದಾಟಿ ಕ್ಯಾಲ್ಗರಿಯ ಸ್ಟ್ಯಾಂಪೀಡರ್ಸ್ ತಂಡ ಸೇರಿದರು, ಮೊದಲ ವರ್ಷವೇ ಪಶ್ಚಿಮ ಕೆನಡಾದ ಲೀಗಿನಲ್ಲಿ ಓಟದಿಂದ ಎಲ್ಲರಿಗಿಂತ ಹೆಚ್ಚು ಗಜ ಗಳಿಸಿದರು. ಇದನ್ನು ಅಂಜಿಕೆ ಎಂದು ಕರೆಯಲು ನನಗೆ ಮನಸ್ಸು ಬಾರದು. ಹೊಡೆತಕ್ಕೆ ಹೆದರುವವರು ಹದಿಮೂರು ವರ್ಷ ಆಡಬಲ್ಲ ಜಾಗ ಅದಾಗಿರಲಿಲ್ಲ.

ಆ ಜಾಗ ಯಾವುದೆಂದು ಸ್ವಲ್ಪ ವಿವರಿಸಬೇಕು. ಕೆನಡಾದ ಫುಟ್‌ಬಾಲ್ ಅಮೆರಿಕದ ಆಟದ ಹತ್ತಿರದ ಬಂಧು, ಆದರೆ ತಂಡಕ್ಕೆ ಹನ್ನೊಂದರ ಬದಲು ಹನ್ನೆರಡು ಮಂದಿ, ಮೈದಾನ 110 ಗಜ ಉದ್ದ, 65 ಗಜ ಅಗಲ, ಹತ್ತು ಗಜ ಮುನ್ನಡೆಯಲು ನಾಲ್ಕರ ಬದಲು ಮೂರೇ ಪ್ರಯತ್ನ. ಎರಡು ಪ್ರಯತ್ನಗಳಲ್ಲಿ ಹತ್ತು ಗಜ ಬಾರದಿದ್ದರೆ ಮೂರನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಬೇಕಾಗುತ್ತದೆ. ಹೀಗಾಗಿ ಚೆಂಡನ್ನು ಎದೆಗವಚಿಕೊಂಡು ಎದುರಿನವರ ಸಾಲಿಗೆ ನುಗ್ಗುವ ರನ್ನಿಂಗ್ ಬ್ಯಾಕ್ ಒಂದೊಂದು ಓಟಕ್ಕೂ ಐದು ಗಜದ ಲೆಕ್ಕ ಒಪ್ಪಿಸಬೇಕು. ಬ್ರೈಟ್ ತಮ್ಮ ವೃತ್ತಿಜೀವನದಲ್ಲಿ 1,969 ಬಾರಿ ಹೀಗೆ ನುಗ್ಗಿದರು, 10,909 ಗಜ ಗಳಿಸಿದರು. ಸರಾಸರಿ ಐದೂವರೆ ಗಜ. ಎರಡು ಬಾರಿ ಚೆಂಡು ಕೊಟ್ಟರೆ ಹನ್ನೊಂದು ಗಜ. ಇಂಥ ಆಟಗಾರನಿರುವ ತಂಡಕ್ಕೆ ಮೂರನೆಯ ಪ್ರಯತ್ನದ ಚಿಂತೆ ಎಷ್ಟು ಕಡಿಮೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಗಾಯಗಳ ಕಾರಣ ಕ್ಯಾಲ್ಗರಿಯಲ್ಲಿ ಅವರ ದಿನಗಳು ಬೇಗ ಮುಗಿದವು. 1954ರಲ್ಲಿ ಅವರು ಎಡ್ಮಂಟನ್ ತಂಡಕ್ಕೆ ಬಂದರು. ಆಗ ಎಸ್ಕಿಮೋಸ್ ಎಂದಿದ್ದ, ಈಗ ಎಲ್ಕ್ಸ್ ಎನಿಸಿರುವ ತಂಡ ಅದು. ಅಲ್ಲಿ ಹೆಸರಾಂತ ಆಟಗಾರ ಜಾಕಿ ಪಾರ್ಕರ್ ಇದ್ದರು, ನಾರ್ಮಿ ಕ್ವಾಂಗ್ ಇದ್ದರು. ಕ್ವಾಂಗ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ: ಕ್ಯಾಲ್ಗರಿಯಲ್ಲಿ ಚೀನೀ ವಲಸಿಗರ ಮಗನಾಗಿ ಹುಟ್ಟಿದ ಅವರು, ಚೀನಾದವರ ವಲಸೆಯನ್ನು ಕೆನಡಾದ ಕಾನೂನೇ ತಡೆದಿದ್ದ ಕಾಲದಲ್ಲಿ ಬೆಳೆದು, ರನ್ನಿಂಗ್ ಬ್ಯಾಕ್ ಆಗಿ ಹೆಸರು ಮಾಡಿ, 2005ರಲ್ಲಿ ಆಲ್ಬರ್ಟಾ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆದರು. ಬ್ರೈಟ್ ಮತ್ತು ಕ್ವಾಂಗ್ ಇಬ್ಬರೂ ಒಂದೇ ತಂಡದಲ್ಲಿ ಚೆಂಡು ಹಿಡಿದು ಓಡುತ್ತಿದ್ದರು. 1954, 1955 ಮತ್ತು 1956ರಲ್ಲಿ ಎಡ್ಮಂಟನ್ ಮೂರು ಬಾರಿಯೂ ಮಾಂಟ್ರಿಯಲ್ ತಂಡವನ್ನೇ ಮಣಿಸಿ ಕೆನಡಾ ಫುಟ್‌ಬಾಲಿನ ಚಾಂಪಿಯನ್ ತಂಡಕ್ಕೆ ಸಿಗುವ ಗ್ರೇ ಕಪ್ ಗೆದ್ದಿತು. ಮೊದಲನೆಯದು 26-25ರ ಉಸಿರು ಬಿಗಿಹಿಡಿಸಿದ ಗೆಲುವು, ಮೂರನೆಯದು 50-27ರ ಭಾರೀ ಗೆಲುವು.

ಆ ಮೊದಲ ವರ್ಷಗಳಲ್ಲಿ ಬ್ರೈಟ್ ಎರಡೂ ಕಡೆ ದುಡಿದರು. ಚೆಂಡು ತಮ್ಮ ತಂಡದ ಬಳಿಯಿದ್ದಾಗ ಓಡುವುದು, ಎದುರಾಳಿಯ ಬಳಿಯಿದ್ದಾಗ ಲೈನ್‌ಬ್ಯಾಕರ್ ಆಗಿ ತಡೆಯುವುದು. 1957ರಿಂದ, ಚೆಂಡು ಹಿಡಿದು ಓಡುವುದೇ ಕೆಲಸವಾದ ಪೂರ್ಣಾವಧಿ ಫುಲ್‌ಬ್ಯಾಕ್ ಆದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ: ಆ ವರ್ಷ 1,679 ಗಜ, ಮರುವರ್ಷ 1,722. 1959ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಷೆನ್ಲಿ ಪ್ರಶಸ್ತಿ ಬಂದಿತು, ಅದನ್ನು ಪಡೆದ ಮೊದಲ ಕಪ್ಪು ಆಟಗಾರ ಅವರು. ಆದರೆ ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಅಂಕಿ 197. ಎಡ್ಮಂಟನ್ ಪರ ಅವರು ಸತತವಾಗಿ ಆಡಿದ ಪಂದ್ಯಗಳು ಅಷ್ಟು, ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ಪಂದ್ಯದಲ್ಲೂ ಹತ್ತಿಪ್ಪತ್ತು ಬಾರಿ ಎಳೆದು ಕೆಡವಿಸಿಕೊಳ್ಳುವ ಸ್ಥಾನದಲ್ಲಿ ಇದು ಸಾಧ್ಯವಾದದ್ದು ಹೇಗೆಂದು ನಾನು ಇಂದಿಗೂ ಬೆರಗಾಗುತ್ತೇನೆ.

ಆಟದ ದಿನಗಳಲ್ಲೇ ಅವರು ಶಿಕ್ಷಕರೂ ಆಗಿದ್ದರು. ಡ್ರೇಕ್‌ನಲ್ಲಿ ಓದಿದ್ದು ಶಿಕ್ಷಣಶಾಸ್ತ್ರವನ್ನೇ. 1962ರಲ್ಲಿ ಕೆನಡಾದ ಪೌರತ್ವ ಪಡೆದರು. 1964ರಲ್ಲಿ ನಿವೃತ್ತರಾದಾಗ ಕೆನಡಾ ಫುಟ್‌ಬಾಲಿನಲ್ಲಿ ಓಟದ ಗಜಗಳ ಪಟ್ಟಿಯ ತುದಿಯಲ್ಲಿ ಅವರ ಹೆಸರಿತ್ತು, ಮುಂದೆ ಅದನ್ನು ಜಾರ್ಜ್ ರೀಡ್ ಮೀರಿಸಿದರು. ಬ್ರೈಟ್ ಎಡ್ಮಂಟನ್ ಬಿಟ್ಟು ಹೋಗಲಿಲ್ಲ. ಅಲ್ಲಿಯ ಶಾಲೆಗಳಲ್ಲಿ ಪಾಠ ಹೇಳಿದರು, ಮಕ್ಕಳ ತಂಡಗಳಿಗೆ ತರಬೇತಿ ಕೊಟ್ಟರು, ಮುಖ್ಯೋಪಾಧ್ಯಾಯರೂ ಆದರು. ಸ್ಟಿಲ್‌ವಾಟರ್‌ನ ಹೊಡೆತದ ಬಗ್ಗೆ ಕೇಳಿದವರಿಗೆ, ಅದರ ಹಿಂದೆ ವರ್ಣದ್ವೇಷವಿತ್ತು ಎನ್ನುವುದರಲ್ಲಿ ತಮಗೆ ಸಂಶಯವಿಲ್ಲವೆಂದೂ, ತಮ್ಮ ದವಡೆ ಮುರಿದದ್ದರಿಂದ ಕಾಲೇಜು ಕ್ರೀಡೆ ಒಂದಿಷ್ಟು ಸುಧಾರಿಸಿತೆಂದೂ ಹೇಳಿದರು.

1983ರ ಡಿಸೆಂಬರ್ 14ರಂದು ಬ್ರೈಟ್ ತೀರಿಕೊಂಡರು. ಫುಟ್‌ಬಾಲ್ ದಿನಗಳಲ್ಲಿ ಪೆಟ್ಟಾಗಿದ್ದ ಮೊಣಕಾಲಿಗೆ ಎಡ್ಮಂಟನ್‌ನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು, ಅರಿವಳಿಕೆಯಲ್ಲಿದ್ದಾಗಲೇ ಹೃದಯಾಘಾತವಾಯಿತು. ವಯಸ್ಸು 53. ಒಂದೇ ಒಂದು ಪಂದ್ಯ ತಪ್ಪಿಸದೆ ಓಡಿದ್ದರ ಬೆಲೆಯನ್ನು ಆ ಮೊಣಕಾಲು ಒಳಗೊಳಗೇ ತೆರುತ್ತಿತ್ತು ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ.

ಎ ಆ್ಯಂಡ್ ಎಂ ಈಗ ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯ. ಅದು ಡ್ರೇಕ್‌ಗೆ ಪತ್ರ ಬರೆದು ಕ್ಷಮೆ ಕೇಳಿದ್ದು 2005ರ ಸೆಪ್ಟೆಂಬರಿನಲ್ಲಿ, ಘಟನೆ ನಡೆದು ಐವತ್ತನಾಲ್ಕು ವರ್ಷಗಳಾಗುವ ಹೊತ್ತಿಗೆ. ಕ್ಷಮೆಗೆ ಉತ್ತರಿಸಬೇಕಾದವರು ಅಷ್ಟರಲ್ಲಿ ಇರಲಿಲ್ಲ. ಮರುವರ್ಷ ಡ್ರೇಕ್ ತನ್ನ ಮೈದಾನಕ್ಕೆ ಬ್ರೈಟ್ ಹೆಸರಿಟ್ಟಿತು. ಎಡ್ಮಂಟನ್ನಿನ ರದರ್‌ಫರ್ಡ್ ಬಡಾವಣೆಯಲ್ಲಿ 2010ರಲ್ಲಿ ಬಾಗಿಲು ತೆರೆದ ಒಂದು ಶಾಲೆಯ ಹೆಸರು ಜಾನಿ ಬ್ರೈಟ್ ಶಾಲೆ. ಬದುಕಿದ್ದರೆ ಮೈದಾನಕ್ಕಿಂತ ಆ ಶಾಲೆಯನ್ನು ಕಂಡು ಅವರಿಗೆ ಹೆಚ್ಚು ಸಂತೋಷವಾಗುತ್ತಿತ್ತು ಎಂದು ನಾನು ನಂಬಿದ್ದೇನೆ.