ಸಿಡಿಲಿಗೆ ಹೋದ ಬೋರ್ಡು, ಉಳಿಸಿಕೊಂಡ ಲೈಸೆನ್ಸು

ಶಿರಸಿಯಿಂದ ಸಿದ್ದಾಪುರ ರಸ್ತೆಯಲ್ಲಿ ಬಂದು ಸ್ವಲ್ಪ ಒಳಗೆ ತಿರುಗಿದರೆ ನಮ್ಮ ಮನೆ. ಅಲ್ಲಿರುವ ಡೆಸ್ಕ್‌ಟಾಪ್ ಅಪ್ಪಯ್ಯನದ್ದು. 2018ರಲ್ಲಿ ನಾನೇ ಜೋಡಿಸಿ ಕೊಟ್ಟಿದ್ದೆ. ಏಳನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಜೊತೆಗೆ ದುಡ್ಡು ಕೊಟ್ಟು ತಂದ ವಿಂಡೋಸ್ 10 ಹೋಮ್. ಆ ವಿಂಡೋಸಿನ ಡಬ್ಬಿ ಇವತ್ತಿಗೂ ಕಪಾಟಿನಲ್ಲಿ ತೋಟದ ಪಹಣಿಗಳ ಜೊತೆ ಇದೆ.

ಅಪ್ಪಯ್ಯನಿಗೆ ಈ ಕಂಪ್ಯೂಟರ್ ಅಂದರೆ ತೋಟದ ಲೆಕ್ಕದ ಪುಸ್ತಕ. ಯಾವ ವರ್ಷ ಎಷ್ಟು ಚಾಲಿ (ಬಿಳಿ ಅಡಿಕೆ), ಎಷ್ಟು ರಾಶಿ (ಕೆಂಪು ಅಡಿಕೆ), ಕೊಳೆ ಔಷಧಿಗೆ ಎಷ್ಟು ಖರ್ಚು, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಎಷ್ಟು ಕೊಟ್ಟಿದ್ದು, ಎಲ್ಲ ಅದರಲ್ಲೇ. ಎಲ್ಲವೂ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು ಕಾಣುತ್ತದೆ. ಅದಕ್ಕೇ ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಅನ್ನುವ ಮಾತು ನಮ್ಮಲ್ಲಿ ಇಲ್ಲ. ಇದ್ದದ್ದು ಇದ್ದ ಹಾಗೇ ಹೊಸ ಹಾರ್ಡ್‌ವೇರಿಗೆ ಬರಬೇಕು, ಲೈಸೆನ್ಸೂ ಸೇರಿ.

ಜನವರಿ 11

ಹಾರ್ಡ್ ಡಿಸ್ಕ್ ತೆಗೆದು 500 ಜಿಬಿ ಎಸ್‌ಎಸ್‌ಡಿ ಹಾಕಿದೆ. ಡಿಸ್ಕನ್ನು ಪೂರ್ತಿ ಕ್ಲೋನ್ (ಇದ್ದ ಹಾಗೇ ನಕಲು) ಮಾಡಿದ್ದು, ಮೂರು ಗಂಟೆ ಹಿಡಿಯಿತು. ರ‍್ಯಾಮ್ 16 ಜಿಬಿ ಆಯಿತು. ಆನ್ ಮಾಡಿ ನೋಡಿದರೆ ಆಕ್ಟಿವೇಶನ್‌ಗೆ, ಅಂದರೆ ವಿಂಡೋಸ್ ಲೈಸೆನ್ಸನ್ನು ಒಪ್ಪಿಕೊಂಡಿರುವುದಕ್ಕೆ, ಏನೂ ಆಗಿರಲಿಲ್ಲ. ಡಿಸ್ಕ್, ರ‍್ಯಾಮ್ ಬದಲಾದರೆ ಸಾಮಾನ್ಯವಾಗಿ ವಿಂಡೋಸ್ ತಕರಾರು ಮಾಡುವುದಿಲ್ಲ. ಅದು ಮುಖ್ಯವಾಗಿ ನೋಡುವುದು ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡನ್ನು.

ಅವತ್ತೇ ಇನ್ನೆರಡು ಕೆಲಸ ಮುಗಿಸಿದೆ. ಲೈಸೆನ್ಸನ್ನು ಅಪ್ಪಯ್ಯನ ಹೆಸರಿನ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿದೆ. ಈ ಸೌಲಭ್ಯ 2016ರ ಆನಿವರ್ಸರಿ ಅಪ್‌ಡೇಟಿನಿಂದ ಇದೆ. ಜೋಡಿಸಿದ ಮೇಲೆ ಆಕ್ಟಿವೇಶನ್ ಪುಟದಲ್ಲಿ ಡಿಜಿಟಲ್ ಲೈಸೆನ್ಸ್ ಅಕೌಂಟಿಗೆ ಲಿಂಕ್ ಆಗಿದೆ ಅಂತ ಸ್ಪಷ್ಟವಾಗಿ ಬರುತ್ತದೆ. ಆ ಸಾಲು ಕಾಣುವ ತನಕ ಬಿಡಬಾರದು. ಆಮೇಲೆ ಕಂಪ್ಯೂಟರಿನ ಹೆಸರನ್ನು ‘ಡೆಸ್ಕ್‌ಟಾಪ್’ ಅಂತ ಶುರುವಾಗುವ ಉದ್ದದ ಹೆಸರಿನಿಂದ ‘ಅಡಿಕೆಮನೆ’ ಅಂತ ಬದಲಿಸಿದೆ.

ಏಪ್ರಿಲ್ 19

ನಮ್ಮಲ್ಲಿ ಏಪ್ರಿಲ್ ಬಂತು ಅಂದರೆ ಮಧ್ಯಾಹ್ನದ ಮೇಲೆ ಗುಡುಗು. ಮೊದಲ ಗುಡುಗು ಕೇಳಿದ ಕೂಡಲೇ ಟಿವಿ, ಕಂಪ್ಯೂಟರ್, ರೌಟರ್ ಎಲ್ಲದರ ಪ್ಲಗ್ ಕೀಳುವುದು ಈ ಕಡೆ ಎಲ್ಲ ಮನೆಗಳ ರೂಢಿ. ಅವತ್ತು ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲ ಮುಂಜಿಯೊಂದಕ್ಕೆ ಹೋಗಿದ್ದೆವು. ಬರುವಷ್ಟರಲ್ಲಿ ಮಳೆ ಬಂದು ನಿಂತಿತ್ತು. ಜಗಲಿಯಲ್ಲಿ ಸುಟ್ಟ ವಾಸನೆ.

ರೌಟರ್ ಹೋಗಿತ್ತು. ಸಿಪಿಯು ಡಬ್ಬಿ ಬಿಚ್ಚಿದೆ. ಲ್ಯಾನ್ ಪೋರ್ಟಿನ ಪಕ್ಕದ ಸಣ್ಣ ಚಿಪ್ಪಿನ ಮೇಲೆ ಸಾಸಿವೆಯಷ್ಟು ತೂತು, ಅದರ ಸುತ್ತ ಕಂದು ಬಣ್ಣದ ಉಂಗುರ. ಬೋರ್ಡಿಗೆ ಜೀವ ಇರಲಿಲ್ಲ.

“ಎಂತ ಆತೋ ತಮಾ? ಲೆಕ್ಕ ಎಲ್ಲ ಹೋತಾ?” ಅಂತ ಅಪ್ಪಯ್ಯ ಬಾಗಿಲಲ್ಲೇ ನಿಂತು ಕೇಳಿದರು. ಎಸ್‌ಎಸ್‌ಡಿ ತೆಗೆದು ನನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಹಾಕಿ ನೋಡಿದೆ. ಎಲ್ಲ ಫೈಲ್ ಇತ್ತು. ರಾತ್ರಿ ಊಟಕ್ಕೆ ಮೊದಲೇ ಪೂರ್ತಿ ಕಾಪಿ ಮಾಡಿಕೊಂಡೆ.

ಏಪ್ರಿಲ್ 25

ಹೊಸ ಬೋರ್ಡ್ ಮತ್ತು ಪ್ರೊಸೆಸರ್ ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಹನ್ನೆರಡನೇ ತಲೆಮಾರಿನ ಐ3, ಹಳೇ ಡಿಡಿಆರ್4 ರ‍್ಯಾಮೇ ಕೂರುವ ಬೋರ್ಡು. ಆ ರ‍್ಯಾಮ್ ಸಿಡಿಲಿನಲ್ಲೂ ಉಳಿದಿತ್ತು, ಅಷ್ಟು ಖರ್ಚು ತಪ್ಪಿತು.

ಬೋರ್ಡಿನ ಬಗ್ಗೆ ವಿಚಾರಿಸುವಾಗ ಒಂದು ಅಂಗಡಿಯಲ್ಲಿ, “ಲೈಸೆನ್ಸಿಗೆ ಯಾಕೆ ಒದ್ದಾಡ್ತೀರಿ, ಐನೂರು ರೂಪಾಯಿಗೆ ಕೀ ಕೊಡ್ತೇನೆ” ಅಂದರು. ನನಗೆ ಅದು ಬೇಡ. ಅಷ್ಟು ಕಡಿಮೆಗೆ ಸಿಗುವ ಕೀಗಳಲ್ಲಿ ಎಷ್ಟೋ ಕೀಗಳು ದೊಡ್ಡ ಕಂಪನಿಗಳಿಗೆ ಒಟ್ಟಾಗಿ ಕೊಟ್ಟವು, ಬಿಡಿಯಾಗಿ ಮಾರುವಂಥವಲ್ಲ. ಯಾವತ್ತು ಬ್ಲಾಕ್ ಆಗುತ್ತವೋ ಗೊತ್ತಿಲ್ಲ. ಅದೂ ಅಲ್ಲದೆ ನಾವು ಒಮ್ಮೆ ಪೂರ್ತಿ ದುಡ್ಡು ಕೊಟ್ಟಾಗಿದೆ ಅಲ್ವಾ? ಡಬ್ಬಿಯಲ್ಲಿ ಬರುವ ರಿಟೇಲ್ ಲೈಸೆನ್ಸನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಯ್ಯಬಹುದು, ಒಂದು ಸಲಕ್ಕೆ ಒಂದರಲ್ಲಿ ಮಾತ್ರ ಇರಬೇಕು ಅಷ್ಟೇ. ಕಂಪ್ಯೂಟರ್ ಜೊತೆಗೇ ಬರುವ ಓಇಎಂ ಲೈಸೆನ್ಸ್ ಹಾಗಲ್ಲ, ಅದು ಆ ಬೋರ್ಡಿಗೇ ಅಂಟಿಕೊಂಡಿರುತ್ತದೆ. ನಿಮ್ಮದು ಯಾವುದು ಅಂತ ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್, ಒಂದು ಜಾಗ ಬಿಟ್ಟು ಸ್ಲ್ಯಾಶ್ ಡಿಎಲ್‌ಐ ಅಂತ ಹೊಡೆಯಿರಿ. ಬರುವ ಚಿಕ್ಕ ಕಿಟಕಿಯಲ್ಲಿ ರಿಟೇಲ್ ಅಥವಾ ಓಇಎಂ ಅಂತ ಇರುತ್ತದೆ. ಬೋರ್ಡ್ ಸರಿಯಿದ್ದಾಗಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಏಪ್ರಿಲ್ 26, ಬೆಳಿಗ್ಗೆ

ಜೋಡಿಸಿ ಆನ್ ಮಾಡಿದರೆ ಬೂಟ್ ಆಗಲಿಲ್ಲ. ಹಳೇ ವಿಂಡೋಸನ್ನು ಲೆಗಸಿ ಅನ್ನುವ ಹಳೇ ಬೂಟ್ ರೀತಿಯಲ್ಲಿ, ಎಂಬಿಆರ್ ಅನ್ನುವ ಹಳೇ ಪದ್ಧತಿಯ ಡಿಸ್ಕಿನಲ್ಲಿ ಹಾಕಿದ್ದೆ. ಈ ಬೋರ್ಡಿಗೆ ಹೊಸ ಬೂಟ್ ರೀತಿಯಾದ ಯುಇಎಫ್‌ಐ ಮಾತ್ರ ಗೊತ್ತು, ಅದಕ್ಕೆ ಡಿಸ್ಕ್ ಜಿಪಿಟಿ ಅನ್ನುವ ಹೊಸ ಪದ್ಧತಿಯಲ್ಲಿರಬೇಕು. ಇದಕ್ಕೆ ಫಾರ್ಮ್ಯಾಟ್ ಬೇಕಿಲ್ಲ. ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಶಿಫ್ಟ್ ಜೊತೆ ಎಫ್10 ಒತ್ತಿದರೆ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಎಂಬಿಆರ್2ಜಿಪಿಟಿ ಅನ್ನುವ ಟೂಲ್ ಇದೆ. ಮೊದಲು ವ್ಯಾಲಿಡೇಟ್, ಅದು ಸರಿ ಅಂದ ಮೇಲೆ ಕನ್ವರ್ಟ್. ಬೇರೆ ಡಿಸ್ಕ್ ಯಾವುದೂ ಸಿಕ್ಕಿಸಿರಬಾರದು, ನಂಬರ್ ತಪ್ಪಿದರೆ ಕಷ್ಟ. ಒಂದು ನಿಮಿಷವೂ ಹಿಡಿಯಲಿಲ್ಲ. ಅಪ್ಪಯ್ಯನ ಡೆಸ್ಕ್‌ಟಾಪ್ ಇದ್ದ ಹಾಗೇ ಬಂತು, ತೋಟದ ಫೋಟೋ ಸಮೇತ.

ಬಲಗಡೆ ಕೆಳಮೂಲೆಯಲ್ಲಿ ಮಾತ್ರ ‘ಆಕ್ಟಿವೇಟ್ ವಿಂಡೋಸ್’ ಅಂತ ಮಸುಕು ಅಕ್ಷರ. ಆಕ್ಟಿವೇಶನ್ ಪುಟದಲ್ಲಿ ಎಫ್211 ಅಂತ ಮುಗಿಯುವ ಎರರ್ ಕೋಡ್. ಅದರ ಅರ್ಥ ಹಾರ್ಡ್‌ವೇರ್ ಬದಲಾಗಿದೆ ಅಂತ. ಇದನ್ನೇ ನಿರೀಕ್ಷಿಸಿದ್ದೆ.

ಅಲ್ಲೇ ಟ್ರಬಲ್‌ಶೂಟ್ ಒತ್ತಿದೆ. ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಅನ್ನುವ ಲಿಂಕ್ ಬಂತು, ಒತ್ತಿದರೆ ಲಾಗಿನ್ ಪುಟ ತೆರೆಯಲೇ ಇಲ್ಲ. ಅರ್ಧ ಗಂಟೆ ನೆಟ್ ಪರೀಕ್ಷೆ ಮಾಡಿದೆ, ಸರಿಯಾಗೇ ಇತ್ತು. ಆಮೇಲೆ ಕಣ್ಣಿಗೆ ಬಿದ್ದಿದ್ದು ಗಡಿಯಾರ. ಹೊಸ ಬೋರ್ಡಿನ ತಾರೀಕು 2022ರಲ್ಲೇ ನಿಂತಿತ್ತು! ತಾರೀಕು ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಆಗುವುದಿಲ್ಲ. ಸಮಯ ಸಿಂಕ್ ಮಾಡಿದ ಕೂಡಲೇ ಲಾಗಿನ್ ಪುಟ ಬಂತು.

ಅದೇ ದಿನ, ಮಧ್ಯಾಹ್ನ

ಅಕೌಂಟಿಗೆ ಹೋಗಲು ಓಟಿಪಿ ಬೇಕು. ಅದು ಬರುವುದು ಅಪ್ಪಯ್ಯನ ಕೀಪ್ಯಾಡ್ ಫೋನಿಗೆ. ನಮ್ಮ ಮನೆ ಇರುವುದು ತೋಟದ ತಗ್ಗಿನಲ್ಲಿ, ಸಿಗ್ನಲ್ ಸಿಗುವುದು ಹಿಂದಿನ ಗುಡ್ಡದ ಗೇರು ಮರದ ಹತ್ತಿರ ಮಾತ್ರ. ಅಪ್ಪಯ್ಯ ಹತ್ತಿ ಹೋದರು, ಕೋಡನ್ನು ಚೀಟಿಯಲ್ಲಿ ಬರೆದುಕೊಂಡು ಇಳಿದು ಬಂದರು. ಅಷ್ಟರಲ್ಲಿ ಕೋಡಿನ ಅವಧಿ ಮುಗಿದಿತ್ತು.

ಎರಡನೇ ಸಲ ಅಪ್ಪಯ್ಯ ಮರದ ಹತ್ತಿರವೇ ನಿಂತರು. ಆಯಿ (ಅಮ್ಮ) ಅಂಗಳದ ತುದಿಯಲ್ಲಿ. ಮೇಲಿಂದ “ಮೂರು”, ಅಂಗಳದಿಂದ “ಮೂರು”. ಮೇಲಿಂದ “ಒಂಬತ್ತು”, ಅಂಗಳದಿಂದ “ಒಂಬತ್ತು”. ಹಾಗೆ ಒಂದೊಂದೇ ಅಂಕಿ ಕಿಟಕಿಯ ಒಳಗೆ ನನ್ನ ತನಕ ಬಂತು. ಎಪ್ಪತ್ತರ ಹತ್ತಿರದ ಇಬ್ಬರೂ ಆ ಬಿಸಿಲಿನಲ್ಲಿ ನಿಂತು ಕೂಗಿದ್ದನ್ನು ನಾನು ಮರೆಯುವುದಿಲ್ಲ.

ಲಾಗಿನ್ ಆಯಿತು. ಅಕೌಂಟಿನಲ್ಲಿರುವ ಕಂಪ್ಯೂಟರುಗಳ ಪಟ್ಟಿ ಬಂತು. ಹೆಸರು ಬದಲಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು. ನನ್ನ ಹಳೇ ಲ್ಯಾಪ್‌ಟಾಪೂ ತಂಗಿಯದ್ದೂ ಇದೇ ಅಕೌಂಟಿನಲ್ಲಿದ್ದವು, ಎರಡರ ಹೆಸರೂ ‘ಡೆಸ್ಕ್‌ಟಾಪ್’ ಅಂತಲೇ ಶುರು. ‘ಅಡಿಕೆಮನೆ’ ಅಂತ ಒಂದೇ ಇತ್ತು. ಅದನ್ನು ಆರಿಸಿ, ಸದ್ಯ ಬಳಸುತ್ತಿರುವುದು ಇದೇ ಅಂತ ಟಿಕ್ ಹಾಕಿ ಆಕ್ಟಿವೇಟ್ ಒತ್ತಿದೆ. ಮೂಲೆಯ ಅಕ್ಷರ ಹೋಯಿತು. ಹಳೆಯದು ಹೋಮ್ ಆಗಿದ್ದರೆ ಇದೂ ಹೋಮ್ ಆಗಿರಬೇಕು, ಹೋಮ್ ಲೈಸೆನ್ಸ್ ಪ್ರೊ ಆವೃತ್ತಿಗೆ ನಡೆಯುವುದಿಲ್ಲ.

ಲಾಗೌಟ್ ಮಾಡುವ ಮೊದಲು ಅಕೌಂಟಿಗೆ ನನ್ನ ಇಮೇಲನ್ನೂ ಸೇರಿಸಿದೆ. ಇನ್ನು ಕೋಡಿಗಾಗಿ ಯಾರೂ ಗುಡ್ಡ ಹತ್ತುವುದು ಬೇಡ.

ಮೇ 3

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಏಳನೇ ತಲೆಮಾರಿನ ಪ್ರೊಸೆಸರಿಗೆ ವಿಂಡೋಸ್ 11 ಸಿಗುತ್ತಿರಲಿಲ್ಲ, ಇದಕ್ಕೆ ಸಿಗುತ್ತದೆ. ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸಿನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಸುರಕ್ಷತಾ ಸೌಲಭ್ಯ ಆನ್ ಮಾಡಿದೆ. ಡಿಸ್ಕ್ ಆಗಲೇ ಜಿಪಿಟಿ ಆಗಿದ್ದರಿಂದ ಏನೂ ತೊಂದರೆ ಆಗಲಿಲ್ಲ. ಅಪ್‌ಗ್ರೇಡ್ ಮುಗಿದ ಮೇಲೆ ನೋಡಿದರೆ ಲೈಸೆನ್ಸ್ ತಾನಾಗೇ ಬಂದಿತ್ತು, ಕೀ ಕೇಳಲಿಲ್ಲ.

ಅಪ್ಪಯ್ಯ ಕೂತು ಮೊದಲು ತೆರೆದದ್ದು ಹೋದ ವರ್ಷದ ಚಾಲಿ ಲೆಕ್ಕ. ನುಡಿ ಅಕ್ಷರಗಳು ನೆಟ್ಟಗೆ ಕಂಡವು. ಒಂದು ಸಾಲು ತಿದ್ದಿ, ಸೇವ್ ಮಾಡಿ, ಕವಳ (ಎಲೆ ಅಡಿಕೆ) ಹಾಕಲು ಎದ್ದು ಹೋದರು.

ಬಾಕಿ ಇರುವುದು ಅರ್ಥಿಂಗ್. ಹಳೇ ಗುಂಡಿ ಪೂರ್ತಿ ಒಣಗಿದೆ. ಇದ್ದಿಲು, ಉಪ್ಪು ತಂದಿಟ್ಟಿದ್ದೇನೆ. ಎಲೆಕ್ಟ್ರಿಷಿಯನ್ ಬರುವ ಭಾನುವಾರ ಬರುತ್ತೇನೆ ಅಂದಿದ್ದಾರೆ. ಅಲ್ಲಿಯ ತನಕ ಮನೆಯಿಂದ ಕೊನೆಗೆ ಹೊರಡುವವರು ಪ್ಲಗ್ ಕಿತ್ತೇ ಹೊರಡುತ್ತಿದ್ದೇವೆ.