ಆಂಟಿಕೈನಸ್ ದಾಖಲೆ: ಗಂಡುಗಳು ಇಲ್ಲವಾಗುವ ಮೊದಲೇ ಫೋಕಸ್ ಕೂಡಿಬಂತು

ಕೊನೆಗೂ ಚಿತ್ರ ಸ್ಪಷ್ಟವಾಗಿ ಮೂಡಿದೆ. ಆಸ್ಟ್ರೇಲಿಯದ ಮೆಲ್ಬರ್ನಿನ ಪೂರ್ವಕ್ಕಿರುವ ಡ್ಯಾಂಡೆನಾಂಗ್ ಬೆಟ್ಟಗಳಲ್ಲಿ, ನಮ್ಮ ಹಿತ್ತಲಿನಾಚೆ ಬಿದ್ದಿರುವ ದಿಮ್ಮಿಯ ಮೇಲೆ ಓಡಾಡುವ ಅಜೈಲ್ ಆಂಟಿಕೈನಸ್ ಎಂಬ, ನೋಡಲು ಇಲಿಯಂತಿದ್ದರೂ ಕಾಂಗರೂವಿನಂತೆ ಚೀಲದ ಪ್ರಾಣಿಗಳ ಗುಂಪಿಗೆ ಸೇರಿದ ಪುಟ್ಟ ಜೀವಿಯ ಮೊನಚು ಮೂತಿ, ಅಂಚು ಕಚ್ಚಿದಂತಿರುವ ಕಿವಿ, ಗಂಡಿನ ವೃಷಣಚೀಲ ಮೂರೂ ಒಂದೇ ಚೌಕಟ್ಟಿನಲ್ಲಿ ಕಂಡವು. ಐದು ತಿಂಗಳಿಂದ ಸಿಕ್ಕಿದ್ದು ಬಿಳಿಯ ಮುದ್ದೆಗಳು ಮಾತ್ರ. ಅವು ಮನೆಯಿಲಿಗಳಲ್ಲವೆಂದು ಆಣೆಯಿಟ್ಟು ಹೇಳುವಂತಿರಲಿಲ್ಲ.

ನನ್ನ ಅವಸರಕ್ಕೆ ಕಾರಣವಿತ್ತು. ವಸಂತದಲ್ಲಿ ಹುಟ್ಟಿದ ಗಂಡು, ಮರುವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ, ಸುಮಾರು ಹನ್ನೊಂದೂವರೆ ತಿಂಗಳ ಪ್ರಾಯದಲ್ಲಿ, ಎರಡು ವಾರಗಳ ಬೆದೆಗಾಲ ಕಳೆಯುತ್ತಿದ್ದಂತೆ ಸಾಯುತ್ತದೆ. ಒಂದೆರಡಲ್ಲ, ಎಲ್ಲ ಗಂಡುಗಳೂ ಸಾಯುತ್ತವೆ. ಒತ್ತಡದ ಹಾರ್ಮೋನು ರಕ್ತದಲ್ಲಿ ಏರಿದ್ದು ಇಳಿಯುವುದಿಲ್ಲ, ರೋಗನಿರೋಧಕ ಶಕ್ತಿ ಕುಸಿಯುತ್ತದೆ, ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತದೆ. ಹಗಲು ಉದ್ದವಾಗುವ ವೇಗವೇ ಬೆದೆಗೆ ಸೂಚನೆಯಾದ್ದರಿಂದ, ಒಂದು ಊರಿನಲ್ಲಿ ಅದು ಪ್ರತಿವರ್ಷ ಹೆಚ್ಚುಕಡಿಮೆ ಅದೇ ದಿನಗಳಿಗೆ ಬೀಳುತ್ತದೆ. ಆ ಹದಿನೈದು ದಿನ ಕೈತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು.

ತೊಡಕು ಲೆನ್ಸಿನದು. ಪ್ರಾಣಿ ಸುಳಿದಾಗ ತಾನೇ ಚಿತ್ರ ತೆಗೆಯುವ ನನ್ನ ಟ್ರೇಲ್ ಕ್ಯಾಮೆರಾದ ಫೋಕಸ್ ಎರಡು ಮೀಟರಿಗೆ ನಿಂತಿದೆ, ಬದಲಿಸಲಾಗದು. ಜಿಂಕೆಗೆ ಅದು ಸಾಕು. ಇಪ್ಪತ್ತು ಮೂವತ್ತು ಗ್ರಾಮಿನ ಪ್ರಾಣಿ ಅಷ್ಟು ದೂರದಿಂದ ಚುಕ್ಕೆಯಾಗುತ್ತದೆ, ಹತ್ತಿರವಿಟ್ಟರೆ ಮಸುಕಾಗುತ್ತದೆ. ಓದುವ ಕನ್ನಡಕದ +1.5 ಗಾಜನ್ನು ಮುಂದೆ ಅಂಟಿಸಿ ಎರಡು ತಿಂಗಳು ನೋಡಿದೆ, ಪ್ರಯೋಜನವಾಗಲಿಲ್ಲ. ಉತ್ತರ ಲೆಕ್ಕದಲ್ಲಿತ್ತು: ಗಾಜಿನ ಶಕ್ತಿಯನ್ನು ಅಳೆಯುವ ಡಯಾಪ್ಟರ್ ಎಂದರೆ ಒಂದನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದ್ದು; ಎರಡು ಮೀಟರ್ ಎಂದರೆ 0.5 ಡಯಾಪ್ಟರ್, 1.5 ಸೇರಿದರೆ 2, ಅಂದರೆ ಫೋಕಸ್ ಅರ್ಧ ಮೀಟರಿಗೆ. ದಿಮ್ಮಿಯಿರುವುದು 28 ಸೆಂ.ಮೀ. ದೂರದಲ್ಲಿ. +3ರ ಗಾಜು ಹಾಕಿದಾಗ ಒಟ್ಟು 3.5 ಆಗಿ ಲೆಕ್ಕ ತಾಳೆಯಾಯಿತು.

ಆಮೇಲೂ ಇನ್‌ಫ್ರಾರೆಡ್ ಬೆಳಕು ಅತಿಯಾಗಿ, ರೋಮವೆಲ್ಲ ಸುಣ್ಣ ಬಳಿದಂತೆ ಕಾಣುತ್ತಿತ್ತು. ಎಲ್‌ಇಡಿಗಳಲ್ಲಿ ಹೆಚ್ಚಿನವನ್ನು ಕಪ್ಪು ಟೇಪಿನಿಂದ ಮುಚ್ಚಿ, ಉಳಿದವಕ್ಕೆ ಬಿಳಿ ಸರ್ಜಿಕಲ್ ಟೇಪನ್ನು ಎರಡು ಪದರ ಹಚ್ಚಿದ ಮೇಲೆ ಮೀಸೆಯ ಕೂದಲೂ ಕಂಡಿತು. ಕಣ್ಣಿಗೆ ಕಾಣದ 940 ನ್ಯಾನೊಮೀಟರ್ ತರಂಗದ ಬೆಳಕಿನದು ಎಂದು ಹೇಳಿ ಮಾರಿದ ನನ್ನ ಎರಡನೆಯ ಕ್ಯಾಮೆರಾ ಮಾತ್ರ 850ರದು, ಕತ್ತಲಲ್ಲಿ ಕೆಂಪಗೆ ಮಿನುಗುತ್ತದೆ. ಮಾರಿದವರು ಮೂರು ಇಮೇಲಿಗೂ ಉತ್ತರಿಸಿಲ್ಲ. ಪ್ರಾಣಿಗಳು ಬೆದರದಿರಲೆಂದೇ ಹೆಚ್ಚು ಹಣ ತೆತ್ತವನಿಗೆ ಇದು ಸಣ್ಣ ತಪ್ಪಲ್ಲ. ಆ ಕ್ಯಾಮೆರಾವನ್ನು ಬೇಸಿಗೆಯಲ್ಲಿ ಕಟ್ಟಲಿರುವ ಗೂಡುಪೆಟ್ಟಿಗೆಯ ಹೊರಗೆ, ಹಗಲಿನ ಕೆಲಸಕ್ಕೆ ಬಳಸುತ್ತೇನೆ. ಪೆಟ್ಟಿಗೆಗೆ 35 ಮಿ.ಮೀ. ರಂಧ್ರ, ಒಳಗೋಡೆಗೆ ಉಗುರು ಹಿಡಿಯುವಂತೆ ಗೀರುಗಳು.

ಆಗಸ್ಟ್ 19ರ ನಂತರ ಒಂದೂ ಗಂಡು ಬಂದಿಲ್ಲ. ಕೊನೆಯದು ಬೆನ್ನಿನ ರೋಮ ಉದುರಿ, ನಡುಹಗಲಿನಲ್ಲೇ ದಿಮ್ಮಿಯ ಮೇಲೆ ಕುಳಿತಿತ್ತು. ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ. ಹೆಣ್ಣುಗಳು ಬರುತ್ತಲೇ ಇವೆ. ಅವುಗಳ ಗರ್ಭಾವಧಿ ಸುಮಾರು ನಾಲ್ಕು ವಾರ. ಅಕ್ಕಿಕಾಳಿನಷ್ಟು ಪುಟ್ಟ ಮರಿಗಳು ಹುಟ್ಟಿ, ಐದು ವಾರ ಮೊಲೆತೊಟ್ಟು ಬಿಡದೆ ತಾಯಿಯ ಹೊಟ್ಟೆಯಡಿ ತೂಗಾಡುತ್ತವೆ. ಚೀಲವೆಂಬುದು ಇಲ್ಲಿ ಚರ್ಮದ ಮಡಿಕೆಯಷ್ಟೇ ಆದ್ದರಿಂದ ಮರಿಗಳು ಹೊರಗೇ ಕಾಣುತ್ತವೆ. ಅವನ್ನು ಎಣಿಸಬೇಕೆಂದು ಕ್ಯಾಮೆರಾವನ್ನು ದಿಮ್ಮಿಗಿಂತ ಕೆಳಗಿಳಿಸಿ, ಮೇಲ್ಮುಖವಾಗಿ ಓರೆ ಮಾಡಿ, ಗಾಜನ್ನು +4ಕ್ಕೆ ಬದಲಿಸಿದ್ದೇನೆ.