ಎಣ್ಣೆ ಪ್ಯಾಕೆಟ್ಟಿನ 110 ಗ್ರಾಂ

ದಿನಸಿ ಖರ್ಚಿನಲ್ಲಿ ನಾಲ್ಕು ಕಾಸು ಉಳಿಸುವ ನನ್ನ ಸಾಹಸದ ಈ ಸಲದ ವರದಿ ಸೋಲಿನಿಂದಲೇ ಶುರು. ಎಂಟು ತಿಂಗಳಿಂದ ಕಾಪಾಡಿಕೊಂಡು ಬಂದ ನನ್ನ ದರಪಟ್ಟಿಯಲ್ಲಿ ಎಣ್ಣೆಯ ಕಾಲಂ ತಪ್ಪು. ಒಂದೆರಡು ಸಾಲು ತಪ್ಪಿದ್ದರೆ ಸುಮ್ಮನಿರುತ್ತಿದ್ದೆ. ಪೂರ್ತಿ ಕಾಲಂ ತಪ್ಪು. ಅದನ್ನು ಕಂಡುಹಿಡಿದದ್ದು ನಾನೂ ಅಲ್ಲ, ನನ್ನ ಎಕ್ಸೆಲ್ ಶೀಟೂ ಅಲ್ಲ. ಅಮ್ಮನ ಸ್ಟೀಲ್ ಡಬ್ಬಿ.

ಪಟ್ಟಿ ಬರೆದುಕೊಂಡು ಹೋಗುವುದು, ಹೊಟ್ಟೆ ತುಂಬಿದ ಮೇಲೆ ಅಂಗಡಿಗೆ ಹೊರಡುವುದು, ಆ್ಯಪ್‌ನಲ್ಲಿ ಸಾಮಾನು ಹಾಕಿ ಒಂದು ರಾತ್ರಿ ಹಾಗೇ ಬಿಟ್ಟು ಕೂಪನ್ ಬರುತ್ತಾ ಅಂತ ಕಾಯುವುದು, ಇವೆಲ್ಲ ನಿಮಗೂ ಗೊತ್ತು. ಅದನ್ನು ಬಿಟ್ಟು ನೇರ ಎಣ್ಣೆಗೆ ಬರುತ್ತೇನೆ.

ಮೈಸೂರಿನ ನಮ್ಮ ಮನೆಯಲ್ಲಿ ಐದು ಜನ. ತಿಂಗಳಿಗೆ ಹೆಚ್ಚುಕಡಿಮೆ ನಾಲ್ಕು ಲೀಟರ್ ಸೂರ್ಯಕಾಂತಿ ಎಣ್ಣೆ ಬೇಕು. ಒಗ್ಗರಣೆಗೆ ಮಾತ್ರ ಅಮ್ಮನಿಗೆ ಗಾಣದ ಕಡ್ಲೆಕಾಯಿ ಎಣ್ಣೆಯೇ ಆಗಬೇಕು. ಅದಕ್ಕೆ ಕೂಪನ್ನೂ ಇಲ್ಲ, ಚೌಕಾಸಿಯೂ ಇಲ್ಲ. ಆ ಕೋಟೆಗೆ ನಾನು ಲಗ್ಗೆ ಹಾಕಲು ಹೋಗಿಲ್ಲ.

ಸಂಕ್ರಾಂತಿಗೆ ಮೊದಲು ಒಂದು ಸೂಪರ್ ಮಾರ್ಕೆಟ್‌ನಲ್ಲಿ ಸೇಲ್ ಬಂತು. ಎಣ್ಣೆ ಪ್ಯಾಕೆಟ್ 135 ರೂಪಾಯಿ. ನಮ್ಮ ಬೀದಿಯ ಅಂಗಡಿಯಲ್ಲಿ 148. ಹದಿಮೂರು ರೂಪಾಯಿ ವ್ಯತ್ಯಾಸ! ಮೂರು ತಿಂಗಳಿಗೆ ಆಗಲಿ ಅಂತ ಹನ್ನೆರಡು ಪ್ಯಾಕೆಟ್ ಎತ್ತಿದೆ. ಉಳಿತಾಯದ ಕಾಲಂನಲ್ಲಿ 156 ಅಂತ ಹಸಿರು ಬಣ್ಣದಲ್ಲಿ ಬರೆದೆ. ಹೆಂಡತಿಗೂ ತೋರಿಸಿದೆ. ಅವಳು 'ಹೂಂ' ಅಂದಳು. ಆ 'ಹೂಂ'ನಲ್ಲೇ ನನಗೆ ಸಂಶಯ ಬರಬೇಕಿತ್ತು.

ಜೊತೆಗೆ ಅವತ್ತು ಕೂಪನ್ ಕಥೆ ಬೇರೆ. 1,999ರ ಮೇಲೆ ಕೊಂಡರೆ 200 ಕಡಿತ. ಬಿಲ್ 1,962ಕ್ಕೆ ನಿಂತಿತು. ಇನ್ನು 37 ರೂಪಾಯಿಗೆ ಏನು ತಗೊಳ್ಳೋದು? ಕೈಗೆ ಸಿಕ್ಕಿದ್ದು 60 ರೂಪಾಯಿಯ ಚಾಟ್ ಮಸಾಲಾ. ಕೌಂಟರ್‌ನಲ್ಲಿ ಕೂಪನ್ ತೋರಿಸಿದರೆ ಆ ಹುಡುಗ ನಗುತ್ತಾ, 'ಸರ್, ಎಣ್ಣೆ, ಸಕ್ಕರೆ, ತುಪ್ಪ ಇದಕ್ಕೆ ಬರಲ್ಲ' ಅಂದ. ಎಣ್ಣೆ ತೆಗೆದರೆ ನನ್ನ ಬಿಲ್‌ನಲ್ಲಿ ಉಳಿದದ್ದು ನಾನೂರು ಚಿಲ್ಲರೆ. ಆ ನಿಯಮ ಎಲ್ಲಿ ಬರೆದಿತ್ತು ಅಂದರೆ, ಕೂಪನ್ನಿನ ಹಿಂದೆ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ. ಇದೇ ಥರದ ಲೆಕ್ಕಾಚಾರದಲ್ಲಿ ಮನೆಗೆ ಬಂದಿರುವ ಮೂರನೇ ಚಾಟ್ ಮಸಾಲಾ ಡಬ್ಬಿ ಇದು. ನಾವು ವರ್ಷಕ್ಕೆ ಅರ್ಧ ಡಬ್ಬಿಯೂ ಖಾಲಿ ಮಾಡುವುದಿಲ್ಲ.

ಇರಲಿ, ಡಬ್ಬಿಗೆ ಬರೋಣ. ಅಮ್ಮನ ಹತ್ತಿರ ಮೂರು ಲೀಟರ್ ಹಿಡಿಯುವ ಹಳೆಯ ಎಣ್ಣೆ ಡಬ್ಬಿ ಇದೆ. ಮೂರು ಪ್ಯಾಕೆಟ್ ಸುರಿದರೆ ಕಂಠದ ಹತ್ತಿರ ಇರುವ ಗೆರೆಗೆ ಬಂದು ನಿಲ್ಲಬೇಕು. ಹಬ್ಬದ ಮಾರನೇ ದಿನ ಅಡುಗೆಮನೆಯಿಂದ ಕೂಗಿದರು. 'ಲೋ, ಬಾ ಇಲ್ಲಿ. ಮೂರು ಹಾಕಿದ್ರೂ ಎರಡು ಬೆರಳು ಕೆಳಗೇ ಇದೆ. ಯಾರೋ ಕುಡ್ದಿದಾರೆ.'

ಪ್ಯಾಕೆಟ್ ತಿರುಗಿಸಿ ನೋಡಿದೆ. 800 ಗ್ರಾಂ.

ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಲೀಟರ್ ಪ್ಯಾಕೆಟ್ ಮೇಲೆ ಹಾಗೇ ಬರೆದಿರುತ್ತಾರೆ. ಇದು ಅದೇ ಅಗಲ, ಅದೇ ಎತ್ತರ, ಅದೇ ಹಳದಿ ಹೂವು. ಒಳಗೆ ಮಾತ್ರ 110 ಗ್ರಾಂ ಕಡಿಮೆ. ಮೂರು ಪ್ಯಾಕೆಟ್ ಸೇರಿ 360 ಮಿಲಿಲೀಟರ್ ಚಿಲ್ಲರೆ. ಅಮ್ಮನ ಎರಡು ಬೆರಳು ಸರಿಯಾಗೇ ಇತ್ತು.

ಈಗ ಲೆಕ್ಕ. 800 ಗ್ರಾಂಗೆ 135 ಅಂದರೆ 910 ಗ್ರಾಂಗೆ 153 ರೂಪಾಯಿ 56 ಪೈಸೆ. ಬೀದಿಯ ಅಂಗಡಿಯ 148ರ ಪ್ಯಾಕೆಟ್ ನಿಜವಾದ ಲೀಟರ್. ಹನ್ನೆರಡು ಪ್ಯಾಕೆಟ್‌ಗೆ ನಾನು ಕೊಟ್ಟದ್ದು 1,620. ಅಷ್ಟೇ ಎಣ್ಣೆ ಬೀದಿಯಲ್ಲಿ 1,561ಕ್ಕೆ ಸಿಗುತ್ತಿತ್ತು. ಹಸಿರು 156 ಅಳಿಸಿ ಕೆಂಪಿನಲ್ಲಿ 59 ಬರೆದೆ. ಚಾಟ್ ಮಸಾಲಾ ಸೇರಿಸಿದರೆ 119. ಸ್ಕೂಟರ್ ಪೆಟ್ರೋಲ್ ಸೇರಿಸುವ ಧೈರ್ಯ ಆಗಲಿಲ್ಲ.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ನನಗೆ ಈ ಹುಚ್ಚು ಹಿಡಿಸಿದ್ದೇ ಹಾಲಿನ ಪ್ಯಾಕೆಟ್. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 2 ರೂಪಾಯಿ ಏರಿಸಿ 50 ಮಿಲಿ ಹಾಲು ಜಾಸ್ತಿ ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಲೀಟರ್‌ಗೆ 4 ರೂಪಾಯಿ ಏರಿತು, ಆ 50 ಮಿಲಿ ಹೋಯಿತು. ಬೆಲೆ ಬದಲಾಗುವುದು ಒಂದು, ಅಳತೆ ಬದಲಾಗುವುದು ಇನ್ನೊಂದು ಅಂತ ಆಗ ಕೂತು ಲೆಕ್ಕ ಹಾಕಿ, ಮನೆಮಂದಿಗೆಲ್ಲ ಭಾಷಣ ಮಾಡಿದವನು ನಾನು. ಅದೇ ನಾನು ಎಣ್ಣೆಯ ಕಾಲಂಗೆ 'ಲೀಟರ್' ಅಂತ ತಲೆಬರಹ ಕೊಟ್ಟು, ಸಿಕ್ಕಿದ ಪ್ಯಾಕೆಟ್ಟನ್ನೆಲ್ಲ ಅದರ ಕೆಳಗೆ ತುಂಬಿಸುತ್ತಿದ್ದೆ.

ಇನ್ನೂ ತಮಾಷೆ ಇದೆ. ನಾನು ದರ ಬರೆಯಲು ಶುರು ಮಾಡಿದ ಹೊತ್ತಿಗೇ, 2025ರ ಮೇ ಕೊನೆಯಲ್ಲಿ, ಹೊರಗಿನಿಂದ ಬರುವ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿದರು. ಆಮೇಲೆ ನನ್ನ ಪಟ್ಟಿಯಲ್ಲಿ ಬೆಲೆ ಎಲ್ಲೆಲ್ಲಿ ಇಳಿದಿತ್ತೋ ಅಲ್ಲೆಲ್ಲ 'ಸುಂಕದ ಪರಿಣಾಮ' ಅಂತ ಷರಾ ಬರೆದಿದ್ದೆ. ಈಗ ನೋಡಿದರೆ ಅದರಲ್ಲಿ ಸುಂಕ ಇಳಿದದ್ದು ಎಷ್ಟೋ, ಗ್ರಾಂ ಇಳಿದದ್ದು ಎಷ್ಟೋ, ದೇವರೇ ಬಲ್ಲ.

ಹಳೆಯ ದಾಖಲೆ ಸರಿಮಾಡಲು ಒಂದು ಇಡೀ ಭಾನುವಾರ ಕೂತೆ. ಬಿಲ್ಲುಗಳನ್ನು ಬೂಟಿನ ಡಬ್ಬಿಯಲ್ಲಿ ಇಟ್ಟಿದ್ದೆ. ಥರ್ಮಲ್ ಕಾಗದ, ಅರ್ಧಕ್ಕರ್ಧ ಬಿಳಿ ಹಾಳೆ ಆಗಿದ್ದವು. ಅಕ್ಷರ ಉಳಿದಿದ್ದವುಗಳಲ್ಲೂ ಸಾಮಾನಿನ ಹೆಸರು ನಡುವೆ ಕತ್ತರಿಸಿದೆ. 'ಸನ್‌ಫ್ಲವರ್ ಆಯಿ' ಅಷ್ಟೇ. ಗ್ರಾಂ ಇಲ್ಲ. ಆ್ಯಪ್‌ನಲ್ಲಿ ತರಿಸಿದ್ದಕ್ಕೆ ಮಾತ್ರ ಹಳೆಯ ಆರ್ಡರ್‌ನಲ್ಲಿ ತೂಕ ಸಿಕ್ಕಿತು. ಮೂವತ್ತನಾಲ್ಕು ದಾಖಲೆಯಲ್ಲಿ ಉಳಿಸಿಕೊಂಡದ್ದು ಹನ್ನೊಂದು. ಉಳಿದ ಇಪ್ಪತ್ತಮೂರಕ್ಕೆ ಎಳ್ಳುನೀರು. ದಯವಿಟ್ಟು ಬಿಲ್ಲಿನ ಫೋಟೋ ಬೇಡ, ಪ್ಯಾಕೆಟ್ಟಿನ ಹಿಂಭಾಗದ ಫೋಟೋ ತೆಗೆದಿಡಿ.

'ಪ್ಯಾಕೆಟ್ ಮೇಲೆ ಯೂನಿಟ್ ಸೇಲ್ ಪ್ರೈಸ್, ಅಂದ್ರೆ ಗ್ರಾಂಗೋ ಮಿಲಿಗೋ ಎಷ್ಟು ಅನ್ನೋ ಬೆಲೆ, ಇರುತ್ತಲ್ಲ, ಅದನ್ನ ನೋಡಬಾರದಿತ್ತಾ' ಅಂತ ನೀವು ಕೇಳಬಹುದು. ನಾನೂ ನನ್ನನ್ನು ಅದೇ ಕೇಳಿಕೊಂಡೆ. ಮೊದಲು ಎಣ್ಣೆಯಂಥ ಸಾಮಾನನ್ನು ಇಂತಿಂಥ ಅಳತೆಯಲ್ಲೇ ಪ್ಯಾಕ್ ಮಾಡಬೇಕು ಅಂತ 2011ರ ಪ್ಯಾಕೇಜ್ ನಿಯಮಗಳಲ್ಲಿ ಒಂದು ಪಟ್ಟಿ ಇತ್ತು. 2021ರ ತಿದ್ದುಪಡಿ ಆ ಪಟ್ಟಿಯನ್ನು ತೆಗೆದುಹಾಕಿತು. ಬದಲಿಗೆ ಗ್ರಾಂಗೆ ಎಷ್ಟು, ಮಿಲಿಗೆ ಎಷ್ಟು ಅಂತ ಮುದ್ರಿಸಬೇಕು ಎಂದಿತು. ಒಳ್ಳೆಯದೇ. ಬೇಳೆಗೆ, ಬಿಸ್ಕತ್ತಿಗೆ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಎಣ್ಣೆಗೆ ಬಂದಾಗ ಮೂರು ಕಡೆ ಕೈ ಕೊಟ್ಟಿತು.

ಒಂದು, ಅದು ಎಂ.ಆರ್.ಪಿ. ಮೇಲಿನ ಲೆಕ್ಕ. ಸೇಲ್ ಬೆಲೆಗೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು, ಪೈಸೆಯನ್ನು ಎರಡು ಅಂಕಿಗೆ ನಿಲ್ಲಿಸುತ್ತಾರೆ. ಮಿಲಿಗೆ 0.15 ರೂಪಾಯಿ ಅಂತ ಬರೆದರೆ ಲೀಟರ್‌ಗೆ 145 ಇರಬಹುದು, 154 ಕೂಡ ಇರಬಹುದು. ನಾವು ಜಗಳ ಆಡುತ್ತಿರುವುದೇ ಆ ಒಂಬತ್ತು ರೂಪಾಯಿಗೆ! ಮೂರನೆಯದು ಎಲ್ಲಕ್ಕಿಂತ ಗೊಂದಲದ್ದು. ಒಂದು ಪ್ಯಾಕೆಟ್ ಮಿಲಿ ಲೆಕ್ಕದಲ್ಲಿ ಬರೆಯುತ್ತದೆ, ಪಕ್ಕದ್ದು ಗ್ರಾಂ ಲೆಕ್ಕದಲ್ಲಿ. ಮಿಲಿಗೆ 0.15, ಗ್ರಾಂಗೆ 0.16 ಅಂತ ಎದುರುಬದುರು ಇದ್ದರೆ ಕೈ ತಾನಾಗೇ 0.15ರ ಕಡೆ ಹೋಗುತ್ತದೆ. ಆದರೆ ಒಂದು ಮಿಲಿ ಎಣ್ಣೆ ತೂಗುವುದೇ 0.91 ಗ್ರಾಂ. 0.15ನ್ನು ಗ್ರಾಂಗೆ ತಿರುಗಿಸಿದರೆ 0.165 ಆಗುತ್ತದೆ. ಅಂದರೆ ಕಡಿಮೆ ಕಾಣುವುದೇ ದುಬಾರಿ ಇರಬಹುದು.

ಲೀಟರ್ ಅನ್ನುವುದೇ ಎಣ್ಣೆಗೆ ಅಷ್ಟು ನಂಬಿಕಸ್ಥ ಅಳತೆ ಅಲ್ಲ. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919.1 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ. ಕೆಲವರು ಪ್ಯಾಕೆಟ್ ಮೇಲೆ '60 ಡಿಗ್ರಿಯಲ್ಲಿ' ಅಂತ ಸೇರಿಸಿ ಗ್ರಾಂ ಉಳಿಸಿಕೊಳ್ಳುತ್ತಿದ್ದರು. ಉಷ್ಣಾಂಶ ಬರೆಯಬೇಡಿ, ಪರಿಮಾಣದ ಜೊತೆ ತೂಕವನ್ನೂ ಬರೆಯಿರಿ ಅಂತ ಕೇಂದ್ರ ಸರ್ಕಾರ 2022ರಲ್ಲಿ ಹೇಳಬೇಕಾಯಿತು. ನಮ್ಮ ಮನೆಯಲ್ಲಿ ಎಣ್ಣೆ 60 ಡಿಗ್ರಿಗೆ ಹೋಗುವುದು ಬೋಂಡಾ ಕರಿಯುವ ದಿನ ಮಾತ್ರ.

ಹಾಗಾಗಿ ಹೊಸ ನಿಯಮ: ಎಣ್ಣೆಯ ಕಾಲಂನಲ್ಲಿ ಇನ್ನು ಲೀಟರ್ ಇಲ್ಲ. ಕೊಟ್ಟ ದುಡ್ಡನ್ನು ಗ್ರಾಂನಿಂದ ಭಾಗಿಸಿ 910ರಿಂದ ಗುಣಿಸುತ್ತೇನೆ. ಅದಕ್ಕೆ ಶೀಟ್‌ನಲ್ಲಿ 'ಅಮ್ಮನ ಲೀಟರ್' ಅಂತ ಹೆಸರಿಟ್ಟಿದ್ದೇನೆ. ತುಪ್ಪಕ್ಕೂ ಇದೇ ರೋಗ, ಅಲ್ಲಿ ಲೀಟರ್ ಅಂದರೆ 905 ಗ್ರಾಂ. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಾಗ ಆ ಕಾಲಂನಲ್ಲೂ ಸಂಭ್ರಮದ ಷರಾ ಬರೆದಿದ್ದೆ. ಅದನ್ನು ತೆರೆದು ನೋಡಲು ಇನ್ನೂ ಮನಸ್ಸು ಗಟ್ಟಿಯಾಗಿಲ್ಲ.

ಇದರ ಮಧ್ಯೆ ಮುಂದಿನ ಕೆಲಸ ತಲೆಯಲ್ಲಿ ಓಡುತ್ತಿದೆ: ವರ್ಷದ ತೊಗರಿಬೇಳೆ. ಹೊಸ ತೊಗರಿ ಬರುವ ಕಾಲ ಇದು. ಕಲಬುರಗಿಯ ಬೇಳೆಯನ್ನು ಒಂದೇ ಸಲ ಇಪ್ಪತ್ತೈದು ಕೆಜಿ ತರಿಸಿ, ಬಿಸಿಲಿಗೆ ಹರವಿ, ಹರಳೆಣ್ಣೆ ಸವರಿ ತುಂಬಿಡಬೇಕು ಅಂತ ಆಸೆ. ಅಜ್ಜಿ ಹಾಗೇ ಮಾಡುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಆಮೇಲಿನ ಸಾಲಿನಲ್ಲಿ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: 'ಡ್ರಮ್ ಎಲ್ಲಿ ಇಡ್ತೀರಾ?' ಉತ್ತರ ಇನ್ನೂ ಹುಡುಕುತ್ತಿದ್ದೇನೆ. ಮಂಚದ ಕೆಳಗೆ ಚಾಟ್ ಮಸಾಲಾ ಇಲ್ಲ, ಜಾಗ ಇದೆ ಅಂದೆ. ಅವಳು ನಗಲಿಲ್ಲ.

ಗೆಲುವಿನ ಸುದ್ದಿ ಈಗ. ಸಂತೆಪೇಟೆಗೆ ಹೋಗಿದ್ದೆ. ಸಗಟು ಅಂಗಡಿಯಲ್ಲಿ ಎಣ್ಣೆ ಟಿನ್ ಕೇಳಿದರೆ ಯಜಮಾನರು ತಲೆ ಎತ್ತದೆ, 'ಲೀಟರ್ ಟಿನ್ನಾ, ಕೆಜಿ ಟಿನ್ನಾ?' ಅಂದರು. ನಾನು ಎಂಟು ತಿಂಗಳು ಕಲಿಯದ್ದು ಅವರ ಬಾಯಲ್ಲಿ ಎರಡು ಪದ. ಹದಿನೈದು ಲೀಟರಿನ ಟಿನ್ 2,235, ಹದಿನೈದು ಕೆಜಿಯದ್ದು 2,400. ಹೋದ ತಿಂಗಳಾಗಿದ್ದರೆ 165 ಉಳಿಯಿತು ಅಂತ ಲೀಟರ್ ಟಿನ್ ಹೊತ್ತು ಬರುತ್ತಿದ್ದೆ. ಅದರಲ್ಲಿ ಇರುವುದು 13.65 ಕೆಜಿ. ಅಮ್ಮನ ಲೀಟರ್‌ನಲ್ಲಿ 149 ಬೀಳುತ್ತದೆ, ಕೆಜಿ ಟಿನ್ 145 ರೂಪಾಯಿ 60 ಪೈಸೆ. ಬೀದಿಯ ಅಂಗಡಿಗಿಂತ ಲೀಟರ್ ಟಿನ್ನೇ ದುಬಾರಿ, ನೋಡಿ.

ತೊಂದರೆ ಏನೆಂದರೆ, ಒಡೆದ ಟಿನ್ ನಾಲ್ಕು ತಿಂಗಳು ಇಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ ಅಂತ ಅಮ್ಮನ ತಕರಾರು. ನ್ಯಾಯವಾದದ್ದೇ. ಜೊತೆಗೆ ನನ್ನ ಸೇಲಿನ ಪ್ಯಾಕೆಟ್ ಇನ್ನೂ ಒಂಬತ್ತು ಉಳಿದಿವೆ. ಅದಕ್ಕೆ ಪಕ್ಕದ ಮನೆಯವರನ್ನೂ ಮೇಲಿನ ಮನೆಯವರನ್ನೂ ಸೇರಿಸಿಕೊಂಡೆ. ತಲಾ ಐದು ಕೆಜಿ, ತಲಾ 800 ರೂಪಾಯಿ. ನನ್ನ ಅಡುಗೆಮನೆ ತಕ್ಕಡಿ ಐದು ಕೆಜಿವರೆಗೆ ಮಾತ್ರ ತೂಗುತ್ತದೆ. ಪಾತ್ರೆ ಇಟ್ಟು ಸುರಿಯುತ್ತಾ ಹೋದರೆ ಎಣ್ಣೆ ನಾಲ್ಕೂವರೆ ಕೆಜಿ ದಾಟುವ ಮೊದಲೇ ತಕ್ಕಡಿ ಕೈ ಎತ್ತಿತು. ಎರಡೂವರೆ ಕೆಜಿಯಂತೆ ಆರು ಸಲ ತೂಗಿದೆ. ನೆಲಕ್ಕೆ ಹಳೇ ಪೇಪರ್ ಹಾಸಿದ್ದು ಒಳ್ಳೆಯದಾಯಿತು, ಅದೂ ಒಂದಷ್ಟು ಎಣ್ಣೆ ಕುಡಿಯಿತು. ಖಾಲಿ ಟಿನ್ ಮೇಲಿನ ಮನೆಯವರ ಪಾಲಿಗೆ ಹೋಯಿತು, ಕರಿಬೇವಿನ ಗಿಡ ಹಾಕುತ್ತಾರಂತೆ.

ಕೊನೆಗೆ ಅಮ್ಮನ ಡಬ್ಬಿಯನ್ನು ತೊಳೆದು ಒಣಗಿಸಿ ತಕ್ಕಡಿ ಮೇಲೆ ಇಟ್ಟೆ. 2,730 ಗ್ರಾಂ ಸುರಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಗೆರೆಗೆ ಸರಿಯಾಗಿ ಬಂದು ನಿಂತಿತ್ತು. 'ಹಾಂ, ಈಗ ಯಾರೂ ಕುಡ್ದಿಲ್ಲ' ಅಂದರು.